ಬೀಳುತ್ತಿದ್ದ ಸೋಲ್ಡರಿಂಗ್ ಐರನ್ ಹಿಡಿದು ಮಗನ ಕೈ ಸುಟ್ಟಿದೆ: ಮನೆಯಲ್ಲಿ ಈ ಕೆಲಸಕ್ಕೆ ಜಾಗವನ್ನು ಹೇಗೆ ಸಜ್ಜುಗೊಳಿಸಬೇಕು?

ಕಟಪಾಡಿಯ ತಂದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಈ ಬಾರಿಯ ದೀಪಾವಳಿಯ ಗೂಡುದೀಪ ಸ್ಪರ್ಧೆಗೆ ಬಿದಿರಿನ ಕಡ್ಡಿ ಮತ್ತು ಬಣ್ಣದ ಕಾಗದದ ಗೂಡು ಕಟ್ಟಿ, ಅದರೊಳಗೆ ತಾನೇ ಬೆಸುಗೆ ಹಾಕಿದ ಎಲ್‌ಇಡಿ ದೀಪಗಳನ್ನು ಕೂರಿಸಬೇಕೆಂದು ಎರಡು ತಿಂಗಳಿಂದ ಆಸೆಪಟ್ಟು ಕೆಲಸ ಮಾಡುತ್ತಿದ್ದಾನೆ. ಕಳೆದ ಶನಿವಾರ ಸಂಜೆ ಚಾವಡಿಯ ನೆಲದಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ. ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್ನನ್ನು ಕುಳಿತುಕೊಳ್ಳುವ ಮಣೆಯ ಅಂಚಿಗೆ ಒರಗಿಸಿ ಇಟ್ಟಿದ್ದನಂತೆ. ಮೊಣಕಾಲು ವಯರಿಗೆ ತಗಲಿ ಐರನ್ ಉರುಳಿದಾಗ, ಬೀಳುವ ಪೆನ್ನನ್ನು ಹಿಡಿಯುವ ಹಾಗೆಯೇ ಕೈಚಾಚಿ ಅದನ್ನು ಹಿಡಿದುಬಿಟ್ಟ. ಹಿಡಿದದ್ದು ಹಿಡಿಯ ಕಡೆಯಿಂದಲ್ಲ, ಕಬ್ಬಿಣದ ಕಡೆಯಿಂದ.

ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳ ಒಳಭಾಗದಲ್ಲಿ ಚರ್ಮ ಮೊದಲು ಬೆಳ್ಳಗಾಯಿತು, ಒಂದು ಗಂಟೆಯೊಳಗೆ ನೀರ್ಗುಳ್ಳೆ ಎದ್ದಿತು. ನನ್ನ ಅಮ್ಮ ಗಾಬರಿಯಲ್ಲಿ ಟೂತ್‌ಪೇಸ್ಟ್ ಬಳಿದರು. ವೈದ್ಯರ ಬಳಿಗೆ ಕರೆದೊಯ್ದಾಗ, ಒಣಗಿ ಅಂಟಿಕೊಂಡಿದ್ದ ಆ ಪೇಸ್ಟನ್ನು ತೆಗೆಯುವಷ್ಟರಲ್ಲಿ ಹುಡುಗ ಅಳುವುದನ್ನು ನೋಡಲಾಗಲಿಲ್ಲ. ಈಗ ಗಾಯ ಮಾಯುತ್ತಿದೆ, ಬೆರಳುಗಳು ಮಡಚುತ್ತಿವೆ.

ಅವನ ತಾಯಿ ಈ ಕೆಲಸವೇ ಬೇಡ ಎನ್ನುತ್ತಿದ್ದಾಳೆ. ನನಗೆ ಅವನ ಆಸಕ್ತಿಯನ್ನು ಕಿತ್ತುಹಾಕಲು ಮನಸ್ಸಿಲ್ಲ, ಆದರೆ ಇನ್ನೊಮ್ಮೆ ಇಂಥದ್ದಾದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ. ನಮ್ಮದು ಹಳೆಯ ಹಂಚಿನ ಮನೆ. ಚಾವಡಿಯಲ್ಲಿರುವುದು ಎರಡು ಪಿನ್ನಿನ ಸಾಕೆಟ್, ಮನೆಗೆ ಒಂದು ಇನ್ವರ್ಟರ್ ಕೂಡ ಇದೆ. ಕೆಲಸದ ಜಾಗ ಹೇಗಿರಬೇಕು, ಸುಟ್ಟರೆ ಮೊದಲು ಏನು ಮಾಡಬೇಕು, ನಮ್ಮಂಥ ಮನೆಯ ವಯರಿಂಗ್‌ನಲ್ಲಿ ಏನನ್ನು ಸರಿಪಡಿಸಿಕೊಳ್ಳಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೆಯ ರೇಡಿಯೊ, ಮಂಗಳೂರು ಉತ್ತರಿಸಿದ್ದು:

ನಾನು ಮಂಗಳೂರಿನಲ್ಲಿ ಮೂವತ್ತೆಂಟು ವರ್ಷ ರೇಡಿಯೊ ಮತ್ತು ಟಿ.ವಿ. ದುರಸ್ತಿಯ ಅಂಗಡಿ ನಡೆಸಿದವನು. ಮಗನ ಕೈಯಿಂದ ಐರನ್ ಕಿತ್ತುಕೊಳ್ಳಬೇಡಿ, ಅವನನ್ನು ನೆಲದಿಂದ ಮೇಜಿಗೆ ಏರಿಸಿ ಎಂಬುದೇ ನನ್ನ ಮೊದಲ ಮಾತು. ನನ್ನಲ್ಲಿಗೆ ಕೆಲಸ ಕಲಿಯಲು ಬಂದ ಹುಡುಗರು ಕೈ ಸುಟ್ಟುಕೊಂಡ ಸಂದರ್ಭಗಳನ್ನೆಲ್ಲ ನೆನಪಿಸಿಕೊಂಡರೆ, ಬೆಸುಗೆ ಹಾಕುತ್ತಿರುವ ಗಳಿಗೆಯಲ್ಲಿ ಸುಟ್ಟುಕೊಂಡವರು ಬಹಳ ಕಡಿಮೆ, ಏಕೆಂದರೆ ಆಗ ಕಣ್ಣು ಬಿಟ್‌ನ, ಅಂದರೆ ಐರನ್ನಿನ ಕಾಯುವ ಲೋಹದ ಮೂತಿಯ, ತುದಿಯಲ್ಲೇ ನೆಟ್ಟಿರುತ್ತದೆ. ಕೈ ಸುಡುವುದು ಅದರ ಹಿಂದುಮುಂದಿನ ಗಳಿಗೆಗಳಲ್ಲಿ: ಕಣ್ಣು ಬೋರ್ಡಿನ ಮೇಲಿದ್ದು ಕೈ ಮಾತ್ರ ಐರನ್ನನ್ನು ಹುಡುಕುವಾಗ, ಯಾರೋ ಕರೆದರೆಂದು ತಿರುಗುವಾಗ, ಸ್ವಿಚ್ ಆರಿಸಿ ಐದು ನಿಮಿಷವಾಯಿತಲ್ಲ ಎಂದು ವಯರ್ ಸುತ್ತಿಡಲು ಹೋದಾಗ. ಸಾಧಾರಣ 25 ವಾಟ್‌ನ ಐರನ್ನಿನಲ್ಲಿ ಆರಿದೆಯೋ ಇಲ್ಲವೋ ಎಂದು ತೋರಿಸುವ ದೀಪ ಇರುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ಕನಿಷ್ಠ ಕಾಲು ಗಂಟೆ ಅದನ್ನು ಸ್ಟ್ಯಾಂಡಿನಿಂದ ತೆಗೆಯಬಾರದು.

ಅದರ ಕಾವು ಎಷ್ಟು ಎಂಬುದನ್ನು ಹುಡುಗನಿಗೆ ಮನದಟ್ಟು ಮಾಡಿಸಿ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ನಿಮ್ಮ ಅಮ್ಮ ದೋಸೆ ಹೊಯ್ಯುವ ಕಾವಲಿ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತವರ ಮತ್ತು ಸೀಸ 60ಕ್ಕೆ 40ರಂತೆ ಬೆರೆಸಿದ ಲೆಡ್ (ಬೆಸುಗೆಯ ತಂತಿಗೆ ನಮ್ಮ ಕಸುಬಿನಲ್ಲಿ ಹೇಳುವ ಹೆಸರು) 183 ಡಿಗ್ರಿಯಲ್ಲಿ ಕರಗಲು ಆರಂಭಿಸಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಅದನ್ನು ಕರಗಿಸುವ ಬಿಟ್ ಸಾಮಾನ್ಯವಾಗಿ 350 ಡಿಗ್ರಿಯಷ್ಟು ಕಾದಿರುತ್ತದೆ. ಅಷ್ಟು ಕಾದ ಲೋಹಕ್ಕೆ ಚರ್ಮ ಸುಡಲು ಒಂದು ಸೆಕೆಂಡೂ ಬೇಡ.

ಮೇಜು ಅವನ ಹೊಟ್ಟೆಯ ಎತ್ತರಕ್ಕೆ ಇರಲಿ, ಕುರ್ಚಿ ಅಲುಗಾಡದಿರಲಿ. ಸುರುಳಿ ತಂತಿಯ ಸ್ಟ್ಯಾಂಡ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಗ್ಗದ ಸ್ಟ್ಯಾಂಡುಗಳ ಬುಡ ಎಷ್ಟು ಹಗುರವೆಂದರೆ ವಯರಿನ ಭಾರಕ್ಕೇ ಅವು ಮಗುಚುತ್ತವೆ. ಆದ್ದರಿಂದ ಒಂದಡಿ ಉದ್ದದ ಹಲಗೆಗೆ ಸ್ಟ್ಯಾಂಡನ್ನು ಎರಡು ಸ್ಕ್ರೂ ಹಾಕಿ ಬಿಗಿಯಿರಿ, ಹಲಗೆಯನ್ನು ಮೇಜಿಗೆ ಕಚ್ಚಿಸಿ. ಬಲಗೈಯವನಾದರೆ ಸ್ಟ್ಯಾಂಡ್ ಬಲಕ್ಕೇ ಇರಬೇಕು, ದಿನವೂ ಅದೇ ಜಾಗದಲ್ಲಿರಬೇಕು. ವಯರ್ ಮೇಜಿನ ಹಿಂಬದಿಯಿಂದ ಬರಬೇಕು. ಮುಂದಿನಿಂದ ಬಂದರೆ ಮೊಣಕಾಲಿಗೋ ಬೆಕ್ಕಿನ ಬಾಲಕ್ಕೋ ಸಿಕ್ಕಿಕೊಳ್ಳುತ್ತದೆ. ವಯರಿನ ಬಗ್ಗೆ ಇನ್ನೊಂದು ಮಾತು: ಕಾದ ಬಿಟ್ ತನ್ನದೇ ವಯರಿನ ಮೇಲೆ ಒರಗಿ ಪ್ಲಾಸ್ಟಿಕ್ ಹೊದಿಕೆಯನ್ನು ಕರಗಿಸುವುದು ನಮ್ಮ ಕಸುಬಿನಲ್ಲಿ ನಿತ್ಯದ ಸಂಗತಿ. ಹೊದಿಕೆ ಕರಗಿದ ಜಾಗದಲ್ಲಿ ಒಳಗಿನ ತಾಮ್ರ ಮಿಣುಗುತ್ತಿದ್ದರೆ ಇನ್ಸುಲೇಷನ್ ಟೇಪ್ ಸುತ್ತಿ ಮುಂದುವರಿಯುವುದು ಬೇಡ, ವಯರನ್ನೇ ಬದಲಾಯಿಸಿ. ಶಾಖ ತಡೆಯುವ ಸಿಲಿಕೋನ್ ವಯರ್ ಅಥವಾ ಹಳೆಯ ಇಸ್ತ್ರಿಪೆಟ್ಟಿಗೆಗೆ ಬರುತ್ತಿದ್ದಂಥ ಬಟ್ಟೆ ಹೊದಿಕೆಯ ವಯರ್ ಉತ್ತಮ.

ಬಿದ್ದ ಐರನ್ ಹಿಡಿಯುವುದು ಬುದ್ಧಿಯ ಕೆಲಸವಲ್ಲ, ಕೈಯ ಕೆಲಸ. ಆದ್ದರಿಂದ ಹೇಳಿ ಪ್ರಯೋಜನವಿಲ್ಲ, ಕೈಗೇ ಕಲಿಸಬೇಕು. ನಾನು ಹುಡುಗರಿಗೆ ಪ್ಲಗ್ ಕಿತ್ತ, ಪೂರ್ತಿ ತಣ್ಣಗಿರುವ ಐರನ್ನನ್ನು ಮೇಜಿನ ಅಂಚಿನಿಂದ ಬೇಕೆಂದೇ ಬೀಳಿಸಿ, ಬಿದ್ದೊಡನೆ ಎರಡೂ ಕೈ ಮೇಲೆತ್ತಿ ಕುರ್ಚಿ ಹಿಂದೆ ಸರಿಸಿ ಎದ್ದು ನಿಲ್ಲುವುದನ್ನು ಹತ್ತಿಪ್ಪತ್ತು ಸಲ ಮಾಡಿಸುತ್ತಿದ್ದೆ. ನಿಂತ ಮೇಲೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಹಿಡಿಯಿಂದ ಎತ್ತಬೇಕು. ನೆಲ ಕಲೆಯಾದರೆ ಆಗಲಿ.

ಉಡುಪಿನ ವಿಷಯದಲ್ಲಿ ನನ್ನದೇ ಕಾಲಿನ ಕಥೆ ಹೇಳುತ್ತೇನೆ. ಬೇಸಗೆಯ ಸೆಕೆಗೆ ಬರಿಮೈಯಲ್ಲಿ ಲುಂಗಿ ಉಟ್ಟು, ಬರಿಗಾಲಲ್ಲಿ ಕುಳಿತು ಟಿ.ವಿ. ಬೋರ್ಡೊಂದರಿಂದ ಟ್ರಾನ್ಸ್‌ಫಾರ್ಮರ್ ಬಿಡಿಸುತ್ತಿದ್ದೆ. ಆಗ ನಮ್ಮಲ್ಲಿ ಲೆಡ್ ಹೀರುವ ಪಂಪ್ ಬಳಸುವ ತಾಳ್ಮೆ ಕಡಿಮೆ. ಲೆಡ್ ಕರಗಿದೊಡನೆ ಬೋರ್ಡನ್ನು ಮೇಜಿಗೆ ಕುಟ್ಟಿ ಉದುರಿಸುವುದೇ ವಾಡಿಕೆ. ಉದುರಿದ ಒಂದು ಹನಿ, ಮೆಣಸಿನ ಕಾಳಿನಷ್ಟು ದೊಡ್ಡದು, ನನ್ನ ಎಡಗಾಲಿನ ಕೊನೆಯ ಎರಡು ಬೆರಳುಗಳ ಸಂದಿಗೆ ಬಿತ್ತು. ಮೊಣಕಾಲಿನ ಮೇಲೆ ಬಿದ್ದಿದ್ದರೆ ಕೊಡವಿಬಿಡಬಹುದಿತ್ತು. ಬೆರಳ ಸಂದಿಯಲ್ಲಿ ಅದು ಕೂತಲ್ಲೇ ಕೂತು ಗಟ್ಟಿಯಾಗುವವರೆಗೂ ಸುಟ್ಟಿತು, ಕೊನೆಗೆ ಚಿಮಟದಲ್ಲಿ ಕಿತ್ತು ತೆಗೆಯಬೇಕಾಯಿತು. ಆ ಗುಂಡಿ ಈಗಲೂ ಇದೆ. ಹುಡುಗನಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ, ಹತ್ತಿಯ ಪ್ಯಾಂಟು ತೊಡಿಸಿ. ಪಾಲಿಯೆಸ್ಟರ್ ಬಟ್ಟೆ ಬೇಡವೇ ಬೇಡ. ಹತ್ತಿ ಕರಿಕಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಣ್ಣಿಗೆ ಕನ್ನಡಕ ಕಡ್ಡಾಯ. ಬೋರ್ಡಿನ ಬಿಡಿಭಾಗದ ಬಿಗಿಯಾಗಿ ಬಾಗಿಸಿಟ್ಟ ತಂತಿಕಾಲು ಲೆಡ್ ಕರಗಿದೊಡನೆ ಸ್ಪ್ರಿಂಗಿನಂತೆ ಎಗರಿ, ತನ್ನ ಮೇಲಿನ ಹನಿಯನ್ನು ನೇರ ಮುಖಕ್ಕೆ ಚಿಮ್ಮಿಸುತ್ತದೆ. ಮಳೆಗಾಲದಲ್ಲಿ ತೇವ ಸೇರಿಕೊಂಡ ಹಳೆಯ ಜೋಡಣೆಗಳು ಚಟ್ಟೆಂದು ಸಿಡಿಯುವುದೂ ಉಂಟು.

ಶುಶ್ರೂಷಕಿ, ಉಡುಪಿ ಉತ್ತರಿಸಿದ್ದು:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸುಟ್ಟ ಕೈಯ ಮೇಲೆ ಟೂತ್‌ಪೇಸ್ಟ್, ತೆಂಗಿನೆಣ್ಣೆ, ತುಪ್ಪ, ಅರಸಿನ, ಶಾಯಿ ಬಳಿದುಕೊಂಡು ಬಂದವರನ್ನು ನೋಡದ ವಾರವಿಲ್ಲ. ಬಳಿದ ಹಿರಿಯರ ಮೇಲೆ ಸಿಟ್ಟಾಗಬೇಡಿ. ತಣ್ಣಗಾಗಲಿ ಎಂಬ ಪ್ರೀತಿಯಿಂದಲೇ ಅವರು ಬಳಿಯುತ್ತಾರೆ. ಆದರೆ ಅದರ ಅಡಿಯಲ್ಲಿ ಗಾಯ ಎಷ್ಟು ಆಳವಿದೆ ಎಂಬುದು ನಮಗೆ ಕಾಣುವುದಿಲ್ಲ, ಉಜ್ಜಿ ತೆಗೆಯುವಾಗ ಗುಳ್ಳೆ ಒಡೆದು ಸೋಂಕಿಗೆ ದಾರಿಯಾಗುತ್ತದೆ. ಎಣ್ಣೆ ಮತ್ತು ತುಪ್ಪಗಳು ಒಳಗಿನ ಬಿಸಿ ಹೊರಹೋಗದಂತೆ ಮುಚ್ಚಿಬಿಡುತ್ತವೆ.

ಬೇಕಾದದ್ದು ನೀರು ಮಾತ್ರ, ಅದೂ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಸಾಮಾನ್ಯವಾಗಿ ಎರಡು ನಿಮಿಷ ಹಿಡಿದು, ಉರಿ ಕಡಿಮೆಯಾಯಿತೆಂದು ಕೈ ತೆಗೆದುಬಿಡುತ್ತಾರೆ. ಐರನ್ ದೂರವಾದ ಮೇಲೂ ಬಿಸಿ ಚರ್ಮದ ಕೆಳಪದರಗಳಲ್ಲಿ ಉಳಿದು ಸುಡುತ್ತಲೇ ಇರುತ್ತದೆ. ಆದ್ದರಿಂದ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಹಿಡಿಯಬೇಕು. ಸುಟ್ಟು ಮೂರು ಗಂಟೆಯೊಳಗಾಗಿದ್ದರೆ ತಡವಾಗಿ ಹಿಡಿದರೂ ಪ್ರಯೋಜನವಿದೆ. ನಮ್ಮ ಕಡೆಯ ಮನೆಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು: ಏಪ್ರಿಲ್ ಮೇ ತಿಂಗಳಲ್ಲಿ ತಾರಸಿಯ ಟಾಂಕಿಯಿಂದ ನಲ್ಲಿಗೆ ಬರುವ ನೀರು ಬಿಸಿಯಾಗಿರುತ್ತದೆ. ಆಗ ಬಾವಿಯಿಂದ ಸೇದಿದ ನೀರನ್ನು ಇನ್ನೊಬ್ಬರು ಚೊಂಬಿನಲ್ಲಿ ನಿಧಾನವಾಗಿ ಹೊಯ್ಯುತ್ತಿರಲಿ. ಮಂಜುಗಡ್ಡೆ ಇಡಬೇಡಿ, ಅದು ರಕ್ತನಾಳಗಳನ್ನು ಸಂಕುಚಿಸಿ ಮೊದಲೇ ನೊಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ.

ನೀರು ಹೊಯ್ಯುತ್ತಿರುವಾಗಲೇ ಉಂಗುರ, ಬಳೆ, ವಾಚು, ಕೈಗೆ ಕಟ್ಟಿದ ದಾರ ಎಲ್ಲವನ್ನೂ ತೆಗೆದುಬಿಡಿ, ಏಕೆಂದರೆ ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡರೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಬಟ್ಟೆ ಅಥವಾ ಲೆಡ್ಡಿನ ಹನಿ ಚರ್ಮಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ; ಅದರ ಮೇಲೆಯೇ ನೀರು ಹೊಯ್ದು ನಮ್ಮಲ್ಲಿಗೆ ಬನ್ನಿ. ಮೇಲಿನ ಹಿರಿಯರು ಚಿಮಟದಲ್ಲಿ ಕಿತ್ತೆನೆಂದು ಬರೆದಿದ್ದಾರೆ, ಅವರಲ್ಲಿ ಕ್ಷಮೆ ಕೋರಿ ಹೇಳುತ್ತೇನೆ, ಅದನ್ನು ಯಾರೂ ಅನುಸರಿಸಬಾರದು. ಬಳಿಕ ಗಾಯಕ್ಕೆ ಅಂಟದ ಸ್ವಚ್ಛ ಹೊದಿಕೆ ಹಾಕಿ. ಅಡುಗೆಮನೆಯಲ್ಲಿ ಆಹಾರ ಸುತ್ತುವ ತೆಳುವಾದ ಪ್ಲಾಸ್ಟಿಕ್ ಹಾಳೆಯಿದ್ದರೆ ಅದನ್ನು ಬಿಗಿಯಾಗದಂತೆ ಮೇಲೆ ಹಾಸಿದರೂ ಸಾಕು. ಹತ್ತಿಯನ್ನು ಮಾತ್ರ ಇಡಬೇಡಿ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಬೆರಳುಗಳನ್ನೂ ಸೇರಿಸಿ ರೋಗಿಯ ಒಂದು ಅಂಗೈಯ ಅಗಲ ಎಂದರೆ ಅವನ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಗಾಯ ಅದಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಚಿಕ್ಕದಾಗಿದ್ದರೂ ಮುಖ, ಕೈ, ಪಾದ, ಕೀಲುಗಳ ಮೇಲಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮ ಮಗನ ಚರ್ಮ ಬೆಳ್ಳಗಾಯಿತೆಂದು ಓದಿದಾಗ ನನಗೆ ಆತಂಕವಾಯಿತು, ಏಕೆಂದರೆ ಬೆಳ್ಳಗೆ ತೊಗಲಿನಂತಾಗಿ ಮುಟ್ಟಿದರೂ ನೋವೇ ಗೊತ್ತಾಗದಿದ್ದರೆ ಗಾಯ ಆಳಕ್ಕೆ ಇಳಿದಿದೆ ಎಂದರ್ಥ. ಗುಳ್ಳೆ ಎದ್ದದ್ದು, ನೋವಿದ್ದದ್ದು, ಈಗ ಬೆರಳು ಮಡಚುತ್ತಿರುವುದು ಒಳ್ಳೆಯ ಲಕ್ಷಣಗಳು. ವೈದ್ಯರು ಹೇಳಿದಂತೆ ಬೆರಳುಗಳ ವ್ಯಾಯಾಮವನ್ನು ಬಿಡಿಸಬೇಡಿ.

ಕಣ್ಣಿಗೆ ಲೆಡ್ ಅಥವಾ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ರಾಳ) ಸಿಡಿದರೆ ಉಜ್ಜದೆ, ಕನಿಷ್ಠ ಕಾಲು ಗಂಟೆ ಶುದ್ಧ ನೀರು ಹಾಯಿಸಿ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ವಿದ್ಯುತ್ತಿನಿಂದ ಆದ ಗಾಯ ಬೇರೆಯೇ ಬಗೆಯದು. ಚರ್ಮದ ಮೇಲೆ ಹೆಸರುಕಾಳಿನಷ್ಟು ಕಪ್ಪು ಚುಕ್ಕೆ ಮಾತ್ರ ಕಾಣಿಸಿದರೂ, ಕರೆಂಟು ಒಳಹೊಕ್ಕು ಹೊರಬಿದ್ದ ದಾರಿಯುದ್ದಕ್ಕೂ ಸ್ನಾಯು ಮತ್ತು ನರಗಳಿಗೆ ಪೆಟ್ಟಾಗಿರಬಹುದು, ಹೃದಯದ ಬಡಿತದ ಲಯ ತಪ್ಪಿರಬಹುದು. ಆದ್ದರಿಂದ ಸುಟ್ಟ ಗುರುತು ಬಿದ್ದಿದ್ದರೆ, ತಲೆ ಸುತ್ತಿದ್ದರೆ, ಎದೆ ಬಡಿದುಕೊಂಡಿದ್ದರೆ, ಕೈ ಜೋಮು ಹಿಡಿದಿದ್ದರೆ, ಒಂದು ಗಳಿಗೆ ಪ್ರಜ್ಞೆ ತಪ್ಪಿದ್ದರೆ, ಚೆನ್ನಾಗಿಯೇ ಇದ್ದೇನೆ ಎಂದು ಅವರು ಎಷ್ಟೇ ಹೇಳಿದರೂ ಕರೆತಂದು ಇಸಿಜಿ ಮಾಡಿಸಿ. ಯಾರಾದರೂ ವಯರಿಗೆ ಹಿಡಿದುಕೊಂಡಿದ್ದರೆ ಮೊದಲು ಮೈನ್, ಇನ್ವರ್ಟರ್ ಎರಡನ್ನೂ ಆರಿಸಿ, ಅಲ್ಲಿಯವರೆಗೆ ಅವರನ್ನು ಮುಟ್ಟಬೇಡಿ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಲೇ ಇರಿ.

ಸುರತ್ಕಲ್ ವಿದ್ಯಾರ್ಥಿ ಉತ್ತರಿಸಿದ್ದು:

ಎಲ್ಲರೂ ಸುಡುವುದರ ಬಗ್ಗೆ ಬರೆದಿದ್ದೀರಿ, ಹೊಗೆ ಮತ್ತು ಸೀಸದ ಬಗ್ಗೆಯೂ ಒಂದು ಮಾತು ಇರಲಿ ಎನಿಸಿತು. ಮಕ್ಕಳಿರುವ ಮನೆಗೆ ಸೀಸವಿಲ್ಲದ ಲೆಡ್ ತರುವುದು ಒಳ್ಳೆಯದಲ್ಲವೇ? ತವರ ಮತ್ತು ತಾಮ್ರ ಮಾತ್ರ ಇರುವ ತಂತಿ ಈಗ ಸುಲಭವಾಗಿ ಸಿಗುತ್ತದೆ.

ಹಳೆಯ ರೇಡಿಯೊ, ಮಂಗಳೂರು ಉತ್ತರಿಸಿದ್ದು:

ಶುಶ್ರೂಷಕಿಯವರು ತಿದ್ದಿದ್ದು ಸರಿ, ಅವರಿಗೆ ಕೃತಜ್ಞತೆಗಳು. ಚಿಮಟದ ವಿಷಯದಲ್ಲಿ ನಾನು ಮಾಡಿದ್ದು ತಪ್ಪು.

ಸೀಸವಿಲ್ಲದ ತಂತಿಯನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಕಲಿಯುವ ಕೈಗೆ ಅದು ಕಷ್ಟ. ತವರ ತಾಮ್ರದ ತಂತಿ ಕರಗಲು 227 ಡಿಗ್ರಿ ಬೇಕು. ಐರನ್ ಹೆಚ್ಚು ಕಾಯಬೇಕು, ಹುಡುಗ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾನೆ, ಬೋರ್ಡಿಗೆ ಅಂಟಿಸಿದ ತಾಮ್ರದ ಪಟ್ಟಿ ಕಿತ್ತು ಏಳುತ್ತದೆ, ತಾಳ್ಮೆ ಕೆಡುತ್ತದೆ. ಸೀಸ 350 ಡಿಗ್ರಿಯಲ್ಲಿ ಆವಿಯಾಗಿ ಮೂಗಿಗೆ ಬರುವುದಿಲ್ಲ, ಅದು ಕುದಿಯಲು 1,700 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. ಸೀಸ ದೇಹಕ್ಕೆ ಹೋಗುವುದು ಬೆರಳಿನಿಂದ ಬಾಯಿಗೆ. ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಇದ್ದರೆ ಇಂದೇ ಬಿಡಿಸಿ, ಕೆಲಸದ ಮೇಜಿನಲ್ಲಿ ತಿಂಡಿ ಚಹಾ ಬೇಡ, ಎದ್ದೊಡನೆ ಸೋಪಿನಿಂದ ಕೈ ತೊಳೆಯಲಿ. ಏಳುವ ಬಿಳಿ ಹೊಗೆ ತಂತಿಯೊಳಗಿನ ರಾಳದ್ದು. ಅದು ದಿನವೂ ಎದೆಗೆ ಹೋದರೆ ಉಬ್ಬಸ ಬರಬಹುದು. ನಮ್ಮ ಕಸುಬಿನಲ್ಲಿ ಅದು ಬಂದವರನ್ನು ಕಂಡಿದ್ದೇನೆ. ಕಿಟಕಿ ತೆರೆದು, ಸಣ್ಣ ಫ್ಯಾನನ್ನು ಹೊಗೆ ಮುಖದಿಂದ ಆಚೆಗೆ ಹೋಗುವಂತೆ ಇಡಿ. ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಹೊಗೆಯನ್ನು ಮುಖಕ್ಕೇ ತಿರುಗಿಸುತ್ತದೆ.

ಮುಲ್ಕಿಯ ವಯರ್‌ಮನ್ ಉತ್ತರಿಸಿದ್ದು:

ವಯರಿಂಗ್ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಹಳೆಯ ಹಂಚಿನ ಮನೆ, ಎರಡು ಪಿನ್ನಿನ ಸಾಕೆಟ್, ಇನ್ವರ್ಟರ್ ಎಂಬ ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ನನ್ನ ಹಳೆಯ ದಿನವೊಂದು ನೆನಪಾಯಿತು.

ಹನ್ನೆರಡು ವರ್ಷಗಳ ಹಿಂದೆ ಇಂಥದ್ದೇ ಮನೆಯೊಂದರಲ್ಲಿ ಫ್ಯಾನಿನ ರೆಗ್ಯುಲೇಟರ್ ಬದಲಿಸಲು ಹೋಗಿದ್ದೆ. ಮೈನ್ ಸ್ವಿಚ್ ಇಳಿಸಿದೆ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ, ಸ್ಟೂಲ್ ಹತ್ತಿ ಕೈಹಾಕಿದೆ. ಮೈನ್ ಇಳಿಸಿದ ಗಳಿಗೆಯಲ್ಲೇ ಇನ್ವರ್ಟರ್ ತಾನಾಗಿ ಎದ್ದು ಅದೇ ಲೈನಿಗೆ 230 ವೋಲ್ಟ್ ಕೊಡುತ್ತಿತ್ತು. ಬಲಗೈಯ ತೋರುಬೆರಳಿಗೆ ಹೊಡೆದು ಸ್ಟೂಲಿನಿಂದ ಕೆಳಗೆ ಬಿದ್ದೆ. ಬಿದ್ದದ್ದರಿಂದಲೇ ಕೈ ಬಿಟ್ಟಿತು, ಬದುಕಿದೆ. ಬೆರಳ ತುದಿಯಲ್ಲಿ ಒಂದು ಬೂದುಬಣ್ಣದ ಗುಂಡಿ ಬಿದ್ದಿತ್ತು, ನೋವೇ ಇರಲಿಲ್ಲ. ಮೂರು ದಿನ ಮೊಣಕೈವರೆಗೆ ಜೋಮು ಇತ್ತು. ಕರೆಂಟು ಹೋಗಿದೆ ಎಂದರೂ, ಮೈನ್ ಇಳಿಸಿದ್ದೇನೆ ಎಂದರೂ, ಇನ್ವರ್ಟರ್ ಇರುವ ಮನೆಯಲ್ಲಿ ಸಾಕೆಟ್ ಜೀವಂತವಾಗಿರಬಹುದು ಎಂಬುದನ್ನು ನಿಮ್ಮ ಮಗನಿಗೆ ಮೊದಲು ಹೇಳಿ. ಇನ್ವರ್ಟರನ್ನೂ ಆರಿಸಿ, ಅದರ ಔಟ್‌ಪುಟ್ ಬಿಡಿಸಿ, ಆಮೇಲೆ ಪರೀಕ್ಷಿಸಿ ಕೈಹಾಕಬೇಕು.

ಪರೀಕ್ಷೆಗೆ ಜೇಬಿನ ಟೆಸ್ಟರನ್ನೇ ನಂಬಬೇಡಿ. ಹಗಲು ಬೆಳಕಿನಲ್ಲಿ ಅದರ ನಿಯಾನ್ ದೀಪ ಉರಿದರೂ ಸರಿಯಾಗಿ ಕಾಣುವುದಿಲ್ಲ. ಒಣ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಫೇಸ್ ಇದ್ದರೂ ಮಂದವಾಗಿ ಉರಿಯುತ್ತದೆ. ಮಲ್ಟಿಮೀಟರಿನಲ್ಲಿ ಫೇಸಿನಿಂದ ನ್ಯೂಟ್ರಲ್‌ಗೂ ಅರ್ತಿಗೂ ಎರಡೂ ಕಡೆ ನೋಡಿ, ಅದಕ್ಕಿಂತ ಮೊದಲು ಕರೆಂಟು ಇರುವುದು ಖಚಿತವಿರುವ ಒಂದು ಜಾಗದಲ್ಲಿ ಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಿ.

ಎಂಸಿಬಿ (ಮಿತಿಗಿಂತ ಹೆಚ್ಚು ಕರೆಂಟು ಹರಿದರೆ ತಾನಾಗಿ ಬೀಳುವ ಸ್ವಿಚ್) ಇದೆ, ಆದ್ದರಿಂದ ಭಯವಿಲ್ಲ ಎಂದು ಹಲವರು ನನಗೆ ಹೇಳುತ್ತಾರೆ. ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಒದ್ದೆ ಕೈಯ ಮನುಷ್ಯನ ದೇಹದ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್; 6 ಆಂಪಿಯರಿನ ಎಂಸಿಬಿಗೆ ಅದು ಒಂದು ಸಣ್ಣ ಬಲ್ಬು ಹಚ್ಚಿದಂತೆ, ಅದು ಅಲುಗಾಡುವುದೂ ಇಲ್ಲ. ಹೃದಯ ನಿಲ್ಲಿಸಲು ಅದರ ಅರ್ಧವೂ ಬೇಡ. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಹಾಕಿಸಿ. ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ ವ್ಯತ್ಯಾಸ ಕಂಡೊಡನೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದುಕೊಂಡು ನೆಲಕ್ಕೆ ಏನೂ ಹರಿಯದಿದ್ದರೆ ಮಾತ್ರ ಅದಕ್ಕೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಹಳೆಯ ಮನೆಗಳಲ್ಲಿ ಆರ್‌ಸಿಸಿಬಿ ಪದೇಪದೇ ಬೀಳುತ್ತದೆಂದು ಅದನ್ನು ದಾಟಿಸಿ ವಯರ್ ಕೊಟ್ಟವರನ್ನು ನೋಡಿದ್ದೇನೆ. ಅದು ಬೀಳುತ್ತಿರುವುದು ಗೋಡೆಯೊಳಗೆ ಎಲ್ಲೋ ಲೀಕ್ ಇರುವುದರಿಂದ, ಲೀಕನ್ನು ಹುಡುಕಬೇಕು.

ಸೋಲ್ಡರಿಂಗ್ ಮೇಜಿಗೆ ಮೂರು ಪಿನ್ನಿನ, ನಿಜವಾದ ಅರ್ತ್ ಇರುವ ಸಾಕೆಟ್ ಬೇಕು. ಎರಡು ಪಿನ್ನಿನ ಅಗ್ಗದ ಐರನ್ನು ತೇವ ಕುಡಿದು ಮೈಯಲ್ಲೇ ಲೀಕ್ ಕೊಡುವುದು ಜೂನ್, ಜುಲೈಯಲ್ಲಿ ಸಾಮಾನ್ಯ. ಬರಿಗಾಲಲ್ಲಿ ನೆಲದಲ್ಲಿ ಕುಳಿತವನಿಗೆ ಬಿಟ್ ಹಿಡಿದ ಬೋರ್ಡು ಮುಟ್ಟಿದರೆ ಜುಮ್ ಎನ್ನುತ್ತದೆ. ಇನ್ನು ಅರ್ತ್ ಗುಂಡಿ: ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೆನೆದಿರುವಾಗ ಅರ್ತ್ ಚೆನ್ನಾಗಿಯೇ ಸಿಗುತ್ತದೆ, ಮಾರ್ಚ್ ಬಂದರೆ ಕಲ್ಲು ಒಣಗಿ ರೋಧ ಏರುತ್ತದೆ. ಬೇಸಗೆಯಲ್ಲಿ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದನ್ನು ಮರೆಯಬೇಡಿ.

ಇನ್ವರ್ಟರಿನ ಬ್ಯಾಟರಿಯ ಬಗ್ಗೆಯೂ ಹೇಳಿಬಿಡುತ್ತೇನೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಯಿಂದ ನನ್ನ ಜೊತೆಗಾರನೊಬ್ಬ ಮದುವೆಯ ಉಂಗುರ ಹಾಕಿಕೊಂಡೇ ಟರ್ಮಿನಲ್ ಬಿಗಿಯುತ್ತಿದ್ದ. ಸ್ಪಾನರ್ ಒಂದು ಟರ್ಮಿನಲ್‌ನಲ್ಲಿತ್ತು, ಉಂಗುರ ಇನ್ನೊಂದಕ್ಕೆ ತಗಲಿತು. ಬ್ಯಾಟರಿಯಿಂದ ಆ ಗಳಿಗೆಯಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ; ಉಂಗುರ ಕೆಂಡವಾಗಿ ಬೆರಳಿನ ಸುತ್ತ ಬಳೆಯಂತೆ ಸುಟ್ಟಿತು. ಅವನು ಕೈ ಕಿತ್ತುಕೊಂಡರೂ ಕೆಂಡ ಬೆರಳಲ್ಲೇ ಇತ್ತು. ಉಂಗುರ, ಸ್ಟೀಲ್ ವಾಚು, ಕುತ್ತಿಗೆಯ ಸರ ತೆಗೆದಿಟ್ಟು, ಸ್ಪಾನರಿನ ಹಿಡಿಗೆ ಟೇಪ್ ಸುತ್ತಿಕೊಂಡು, ಬಿಡಿಸುವಾಗ ಮೊದಲು ನೆಗೆಟಿವ್ ಬಿಡಿಸಿ.

ಕಟಪಾಡಿಯ ತಂದೆ ಬರೆದದ್ದು:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೆಂದು ತಿಳಿಯುತ್ತಿಲ್ಲ. ಈ ಉತ್ತರಗಳನ್ನು ಮಗನಿಗೂ ಅವನ ತಾಯಿಗೂ ಓದಿ ಹೇಳಿದೆ. ನಿನ್ನೆ ಸಂಜೆ ತಣ್ಣಗಿನ ಐರನ್ ಬೀಳಿಸಿ ಕೈ ಮೇಲೆತ್ತುವ ಅಭ್ಯಾಸ ಮಾಡಿಸಿದೆ; ಮೊದಲ ನಾಲ್ಕು ಸಲವೂ ಅವನ ಕೈ ತಾನಾಗಿ ಮುಂದೆ ಹೋಯಿತು, ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತು.

ಇನ್ನೊಂದು ಪ್ರಶ್ನೆ ಉಳಿದಿದೆ. ಗೂಡುದೀಪಕ್ಕೆ ಅವನು ವಿಡಿಯೊ ನೋಡಿ ಬರೆದುಕೊಂಡ ನಕ್ಷೆಯಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಒಂದು ಕಂಡೆನ್ಸರ್ (ಕೆಪಾಸಿಟರ್), ನಾಲ್ಕು ಡಯೋಡ್, ಆಮೇಲೆ ಎಲ್‌ಇಡಿಗಳ ಸಾಲು ನೇರವಾಗಿ ಪ್ಲಗ್ಗಿಗೆ. ಖರ್ಚು ಬಹಳ ಕಡಿಮೆ ಎನ್ನುತ್ತಾನೆ. ಇದು ಸರಿಯೇ?

ಹಳೆಯ ರೇಡಿಯೊ, ಮಂಗಳೂರು ಉತ್ತರಿಸಿದ್ದು:

ಆ ನಕ್ಷೆಯನ್ನು ದಯವಿಟ್ಟು ಕೈಬಿಡಿಸಿ. ಅದರಲ್ಲಿ ಕಂಡೆನ್ಸರ್ ಕರೆಂಟಿನ ಪ್ರಮಾಣವನ್ನು ಮಿತಿಗೊಳಿಸುತ್ತದೆಯೇ ಹೊರತು ಲೈನಿನಿಂದ ಬೇರ್ಪಡಿಸುವುದಿಲ್ಲ. ಪ್ರತಿಯೊಂದು ಎಲ್‌ಇಡಿಯ ಪ್ರತಿಯೊಂದು ಕಾಲೂ ಲೈನಿಗೇ ಅಂಟಿಕೊಂಡಿರುತ್ತದೆ. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಸಂಜೆ ಗುಡುಗುಮಳೆ ಬರುವುದುಂಟು. ಅಂಗಳದ ಮಾವಿನ ಮರಕ್ಕೆ ಕಟ್ಟಿದ ಕಾಗದದ ಗೂಡು ನೆನೆದು, ಅದನ್ನು ಇಳಿಸಲು ಮನೆಯವರು ಯಾರೋ ಬರಿಗಾಲಲ್ಲಿ ಓಡಿ ಕೈಹಾಕಿದರೆ ಎಂಬುದನ್ನು ಯೋಚಿಸಿ. ಪ್ಲಗ್ ಕಿತ್ತ ಮೇಲೂ ಆ ಕಂಡೆನ್ಸರಿನಲ್ಲಿ 325 ವೋಲ್ಟ್‌ವರೆಗೆ ಉಳಿದಿರಬಹುದು, ಪಿನ್ನು ಮುಟ್ಟಿದರೆ ಹೊಡೆಯುತ್ತದೆ. ಇದೇ ಕಾರಣಕ್ಕೆ ಹಳೆಯ ಟಿ.ವಿ., ಕಂಪ್ಯೂಟರಿನ ಪವರ್ ಸಪ್ಲೈಗಳನ್ನು ಅವನು ಇನ್ನೂ ಕೆಲವು ವರ್ಷ ಬಿಚ್ಚುವುದು ಬೇಡ, ಮೈಕ್ರೊವೇವ್ ಒಲೆಯನ್ನಂತೂ ಎಂದೂ ಬಿಚ್ಚಬಾರದು. ಅದರ ಟ್ರಾನ್ಸ್‌ಫಾರ್ಮರ್ ಕೊಡುವ ಸುಮಾರು 2,000 ವೋಲ್ಟ್ ಎರಡನೆಯ ಅವಕಾಶ ಕೊಡುವುದಿಲ್ಲ.

ಅಂಗಡಿಯಿಂದ 12 ವೋಲ್ಟ್, 1 ಆಂಪಿಯರಿನ ಒಂದು ಒಳ್ಳೆಯ ಅಡಾಪ್ಟರ್ ತಂದುಕೊಡಿ. ಬಿಳಿಯ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಸೇರಿಸಿದರೆ 9.3, ಉಳಿದ 2.7 ವೋಲ್ಟಿಗೆ 150 ಓಮಿನ ಒಂದು ರೆಸಿಸ್ಟರ್ ಹಾಕಿದರೆ 18 ಮಿಲಿಆಂಪಿಯರ್ ಹರಿಯುತ್ತದೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಆದ್ದರಿಂದ ಮೂರರ ಸಾಲಿಗೆ 330 ಓಮ್. ಇಂಥ ಹತ್ತು ಸಾಲುಗಳನ್ನು ಅಕ್ಕಪಕ್ಕ ಸೇರಿಸಿದರೆ ಮೂವತ್ತು ದೀಪಗಳಾಗುತ್ತವೆ, ಒಟ್ಟು ಬೇಕಾಗುವುದು 0.2 ಆಂಪಿಯರಿನಷ್ಟು ಮಾತ್ರ. ಅಡಾಪ್ಟರ್ ಜಗಲಿಯ ಒಳಗೋಡೆಯಲ್ಲಿ, ಇರಚಲು ತಾಗದ ಕಡೆ ಇರಲಿ. ಅಂಗಳಕ್ಕೆ ಹೋಗುವುದು 12 ವೋಲ್ಟಿನ ವಯರ್ ಮಾತ್ರ. ಬೆಸುಗೆಯನ್ನೆಲ್ಲ ಮೇಜಿನ ಮೇಲೆ ಮೊದಲೇ ಮುಗಿಸಿ, ಪ್ರತಿ ಜೋಡಣೆಗೂ ಇನ್ಸುಲೇಷನ್ ಕೊಳವೆ ತೊಡಿಸಿ, ಆಮೇಲೆ ಗೂಡಿನೊಳಗೆ ಕೂರಿಸಲಿ. ಕಾಗದ ಅಂಟಿಸಿದ ಗೂಡಿನೊಳಕ್ಕೆ ಕಾದ ಐರನ್ ತೂರಿಸಿ ಬೆಸುಗೆ ಹಾಕಲು ಹೋಗಬಾರದು.

ಬೆರಳು ಪೂರ್ತಿ ಮಾಯ್ದ ಮೇಲೆಯೇ ಆರಂಭಿಸಿ. ಹೊಸ ಚರ್ಮಕ್ಕೆ ಬಿಸಿ ಬೇಗ ತಾಗುತ್ತದೆ. ರೆಸಿಸ್ಟರಿನ ಬಣ್ಣದ ಪಟ್ಟಿ ಓದುವುದನ್ನು ಈ ವಾರವೇ ಕಲಿಯಲಿ: 150 ಓಮಿಗೆ ಕಂದು, ಹಸಿರು, ಕಂದು, 330ಕ್ಕೆ ಕಿತ್ತಳೆ, ಕಿತ್ತಳೆ, ಕಂದು.